ಕಲ್ಲುಜಮೀನುಗಳಲ್ಲಿ ಹಬ್ಬಿದ ಲಂಟಾನ ಪೊದೆಗಳ ನಿವಾರಣೆ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.)

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳಲ್ಲಿ ಗುಂಡುಕಲ್ಲುಗಳಿಂದಲೂ ಹಾಸುಬಂಡೆಗಳಿಂದಲೂ ಕೂಡಿ, ಏರುತಗ್ಗಾಗಿ, ನೇಗಿಲು ಸಾಗದಂತಿರುವ ಜಮೀನುಗಳು ಎಷ್ಟೋ ಗ್ರಾಮಗಳಲ್ಲಿ ಉಂಟು. ಇವುಗಳಲ್ಲಿ ಕೆಲವು ಪಟ್ಟಾ ಜಮೀನುಗಳಾಗಿಯೂ ಕೆಲವು ಗೋಮಾಳವಾಗಿಯೂ ಇರುವುವು. ಉಳುಮೆಗೆ ಬಾರದೆಂಬ ಕಾರಣದಿಂದ ಇವುಗಳನ್ನು ಯಾರೂ ಲಕ್ಷಿಸುವುದಿಲ್ಲ. ಆದರೆ ನಾವು ಲಕ್ಷಿಸದೆ ಬಿಟ್ಟ ನೆಲವನ್ನು ಲಂಟಾನವು ಆಕ್ರಮಿಸಿಕೊಂಡಿದೆ. ಕೆಲವು ಕಡೆ ರೋಜದ ಗಿಡವೆಂದು ಕರೆಯಲ್ಪಡುವ ಈ ಮುಳ್ಳುಪೊದೆಯು ಕಲ್ಲುಗಳ ಸಂದಿನಲ್ಲಿ ಬೇರೂರಿ, ಒಂದರ ಮೇಲೊಂದು ಹಬ್ಬಿ, ಒಳಗೆ ಬಂಡೆಯಿದೆಯೋ ಕೊರಕಲಿದೆಯೋ ತಿಳಿಯದಂತೆ ಮುಚ್ಚಿಕೊಂಡಿರುವುದನ್ನು ವಾಚಕರು ನೋಡಿಯೇ ಇರುವರು. ಇಂತಹ ನೆಲವನ್ನು ಹಸನುಮಾಡುವ ಬಗೆ ಹೇಗೆಂದು ಗ್ರಾಮದ ಯಜಮಾನರೂ ಜಮೀನುದಾರರೂ ಪದೇ ಪದೇ ಕೇಳುತ್ತಿರುವುದರಿಂದ, ಇಪ್ಪತ್ತು ವರ್ಷಗಳ ಸಂಚಾರದಲ್ಲಿ ಕಂಡು ತಿಳಿದುದನ್ನೂ, ತಪ್ಪಿ ಕಲಿತುದನ್ನೂ ಇಲ್ಲಿ ಬರೆಯುತ್ತೇನೆ.

ಲಂಟಾನವು ನಮ್ಮ ದೇಶದ ಗಿಡವಲ್ಲ. ಅಮೆರಿಕಾ ಖಂಡದ ಉಷ್ಣಪ್ರದೇಶಗಳಿಗೆ ಸೇರಿದ ಇದನ್ನು 1809ರಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬೇಲಿಗೆ ಅನುಕೂಲವೆಂದು ಊರಿಂದೂರಿಗೆ ಹೋಯಿತು. ಆಮೇಲೆ ಮನುಷ್ಯರ ಸಹಾಯವೇ ಬೇಕಾಗಲಿಲ್ಲ; ಪಿಕಳಾರ, ಗೊರವಂಕ ಮುಂತಾದ ಹಕ್ಕಿಗಳು ಕಪ್ಪಗೆ ಮಾಗಿದ ಹಣ್ಣನ್ನು ತಿಂದು, ಬಂಡೆಯ ಮೇಲೂ ಮರದ ಕೊಂಬೆಯ ಮೇಲೂ ಕುಳಿತು ಬೀಜವನ್ನು ಕೆಡವುತ್ತವೆ. ಆದುದರಿಂದಲೇ ಕಲ್ಲುಗುಡ್ಡಗಳಲ್ಲಿ ಮೊದಲು ಪೊದೆ ಹುಟ್ಟುವುದು ಬಂಡೆಗಳ ಬುಡದಲ್ಲಿ. ಬಂಡೆಯ ಮೇಲೆ ಬಿದ್ದ ಮಳೆಯ ನೀರೆಲ್ಲ ಆ ಬುಡಕ್ಕೇ ಇಳಿಯುವುದರಿಂದ ಅಲ್ಲಿನ ಮಣ್ಣು ತೇವವಾಗಿಯೂ ಸಾರವಾಗಿಯೂ ಇರುವುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ನಮಗೆ ಉಪಯೋಗಕ್ಕೆ ಬರುತ್ತದೆ.

ಇದರಿಂದಾಗುವ ನಷ್ಟಗಳೆಲ್ಲವನ್ನೂ ವಿವರಿಸಬೇಕಾದುದಿಲ್ಲ. ಹುಲ್ಲು ಹೋಯಿತು, ಕಾಲುದಾರಿಗಳು ಮುಚ್ಚಿದುವು, ಕಾಡುಹಂದಿಗಳು ಹಗಲೆಲ್ಲ ಪೊದೆಯೊಳಗೆ ಮಲಗಿ ರಾತ್ರಿ ರಾಗಿಯ ಹೊಲಕ್ಕೂ ಕಡಲೆಕಾಯಿಯ ಹೊಲಕ್ಕೂ ಇಳಿಯುತ್ತವೆ. ಆದರೆ ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಲಂಟಾನದ ಎಲೆಯು ದನಗಳಿಗೂ ಕುರಿಮೇಕೆಗಳಿಗೂ ವಿಷ. ಮೇವು ಸಾಕಷ್ಟಿರುವಾಗ ಅವು ಇದನ್ನು ಮುಟ್ಟುವುದಿಲ್ಲ. ಬರಗಾಲದಲ್ಲಿ ಹಸಿದಾಗಲೂ, ಬೇರೆ ಊರಿನಿಂದ ಹೊಸದಾಗಿ ತಂದಾಗಲೂ ತಿನ್ನುತ್ತವೆ. ತಿಂದ ದನವು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ಕಟ್ಟುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲು ತಾಳಲಾರದೆ ನೆರಳು ಹುಡುಕುತ್ತದೆ, ಮೂತಿ ಕಿವಿಗಳ ಚರ್ಮವು ಬಿರಿಯುತ್ತದೆ. ಇಂತಹ ದನವನ್ನು ಕೂಡಲೆ ನೆರಳಿನಲ್ಲಿ ಕಟ್ಟಿ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಮೇಕೆಗಳನ್ನು ಬಿಟ್ಟು ಪೊದೆಯನ್ನು ಮೇಯಿಸಿ ತೀರಿಸಬಹುದೆಂದು ಹೇಳುವವರಿದ್ದಾರೆ. ಅವರ ಮಾತನ್ನು ನಂಬಬಾರದು.

ಪಾಪಾಸುಕಳ್ಳಿಗಾದಂತೆ ಇದಕ್ಕೂ ಯಾವುದಾದರೊಂದು ಹುಳು ಬಂದೀತೆಂದು ಕಾಯುವವರೂ ಉಂಟು. 1926ರಲ್ಲಿ ಸಿಂಹಳದಿಂದ ತರಿಸಿದ ಬಿಳಿಯ ಹಿಟ್ಟಿನಂತಹ ಹುಳುವು ದಕ್ಷಿಣ ದೇಶದ ಪಾಪಾಸುಕಳ್ಳಿಯನ್ನು ಕೆಲವೇ ವರ್ಷಗಳಲ್ಲಿ ತಿಂದು ಅಡಗಿಸಿದುದು ನಿಜ. ಲಂಟಾನದ ವಿಷಯದಲ್ಲಿಯೂ ಪ್ರಯತ್ನ ನಡೆಯದೆ ಇರಲಿಲ್ಲ. ವೈ. ರಾಮಚಂದ್ರರಾಯರು 1916ರಿಂದ 1919ರ ವರೆಗೆ ಹಿಂದೂದೇಶದಲ್ಲಿಯೂ ಬರ್ಮಾದಲ್ಲಿಯೂ ಈ ಗಿಡವನ್ನು ತಿನ್ನುವ ಕೀಟಗಳನ್ನು ಹುಡುಕಿ ಪರೀಕ್ಷಿಸಿದರು; 1921ರಲ್ಲಿ ಹವಾಯಿ ದ್ವೀಪಗಳಿಂದ ಹಣ್ಣು ಕೊರೆಯುವ ಒಂದು ನೊಣವನ್ನು ತರಿಸಿದರು. ನೊಣವು ನೆಲೆಯೂರಿತು, ಗಿಡವು ತಗ್ಗಲಿಲ್ಲ. ಆದಕಾರಣ ಹುಳುವಿಗಾಗಿ ಕಾಯುತ್ತಾ ಕೂರುವುದು ವ್ಯರ್ಥ.

ಬೆಂಕಿಯ ವಿಷಯವನ್ನು ಬರೆಯುವಾಗ ನನ್ನ ತಪ್ಪನ್ನೇ ಹೇಳಿಕೊಳ್ಳಬೇಕಾಗಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ತುಮಕೂರು ಜಿಲ್ಲೆಯ ಒಂದು ಗ್ರಾಮದಲ್ಲಿ ವೃದ್ಧರಾದ ಜಮೀನುದಾರರೊಬ್ಬರು ತಮ್ಮ ನಾಲ್ಕು ಎಕರೆ ಕಲ್ಲುಜಮೀನನ್ನು ತೋರಿಸಿ ಉಪಾಯ ಕೇಳಿದರು. ಬೇಸಗೆಯಲ್ಲಿ ಎಲ್ಲವನ್ನೂ ಬುಡಕ್ಕೆ ಕಡಿಸಿ, ಒಣಗಿದ ಮೇಲೆ ಸುಟ್ಟುಬಿಡಿರೆಂದು ನಾನು ಹೇಳಿದೆನು. ಅವರು ಹಾಗೆಯೇ ಮಾಡಿದರು. ಗುಡ್ಡವು ಬೋಳಾಗಿ, ಬಂಡೆಗಳು ಕಾಣುವಂತಾದಾಗ ಊರವರೆಲ್ಲ ಬಂದು ನೋಡಿ ಸಂತೋಷಪಟ್ಟರು, ನಾನೂ ಸಂತೋಷಪಟ್ಟೆನು. ಆ ವರ್ಷ ಹುಬ್ಬೆ ಉತ್ತರೆ ಮಳೆಗಳು ಬಲವಾಗಿ ಹೊಡೆದುವು. ಹಾಸುಬಂಡೆಗಳಿಂದ ಧಾರೆಯಾಗಿ ಇಳಿದ ನೀರನ್ನು ತಡೆಯುವುದಕ್ಕೆ ಒಂದು ಕಡ್ಡಿಯೂ ಇರಲಿಲ್ಲ. ಬಂಡೆಗಳ ನಡುವೆ ಇದ್ದ ಒಂದು ಮೊಳದ ಕೆಮ್ಮಣ್ಣು ಕೊಚ್ಚಿಹೋಗಿ, ಕೆಳಗಿನ ರಾಗಿಯ ಹೊಲದ ಮೇಲೆ ಗರಸು ಹರಡಿತು. ದನಗಳು ನೀರು ಕುಡಿಯುತ್ತಿದ್ದ ಕುಂಟೆಯು ಅರ್ಧಕ್ಕೆ ಹೂಳಿತು. ಹೋಗದೆ ಉಳಿದುದು ಲಂಟಾನ ಒಂದೇ. ಸುಟ್ಟ ಬುಡದ ಗಂಟುಗಳಿಂದ ಒಂದಕ್ಕೆ ಹತ್ತಾಗಿ ಚಿಗುರು ಹೊರಟಿದ್ದುವು. ಮುಂದಿನ ವರ್ಷ ನಾನು ಹೋದಾಗ ಆ ವೃದ್ಧರು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, “ಸ್ವಾಮಿ, ತಾವು ಗಿಡ ತೆಗೆಸಲಿಲ್ಲ, ನಮ್ಮ ಮಣ್ಣು ತೆಗೆಸಿದಿರಿ” ಎಂದರು. ಅವರು ಕೋಪದಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಈ ಅನುಭವದಿಂದ ತಿಳಿದುದೇನೆಂದರೆ, ಕಲ್ಲುನೆಲದಲ್ಲಿ ಪೊದೆಯು ಶತ್ರುವಾಗಿದ್ದರೂ ಮಣ್ಣನ್ನು ಹಿಡಿದಿರುವುದೂ ಅದೇ. ಆ ಕೆಲಸವನ್ನು ವಹಿಸಿಕೊಳ್ಳತಕ್ಕ ಇನ್ನೊಂದನ್ನು ಸಿದ್ಧಪಡಿಸದೆ ಅದನ್ನು ತೆಗೆಯಬಾರದು. ಒಂದೇ ವರ್ಷದಲ್ಲಿ ಗುಡ್ಡವನ್ನೆಲ್ಲ ಬೋಳಿಸುವ ಆಸೆಯನ್ನು ಬಿಟ್ಟು, ಮೂರು ವರ್ಷಗಳಲ್ಲಿ ಮೂರು ಪಾಲಾಗಿ, ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ತೆಗೆಯತಕ್ಕದ್ದು. ಮೊದಲನೆಯ ವರ್ಷದ ಪಟ್ಟಿಗಳು ಮೇಲುಭಾಗದಲ್ಲಿರಬೇಕು. ಮೇಲಿಂದ ಮಣ್ಣು ಜಾರಿ ಬಂದರೂ ಕೆಳಗೆ ಇನ್ನೂ ಉಳಿದಿರುವ ಪೊದೆಯು ಜರಡಿಯಂತೆ ಅದನ್ನು ಹಿಡಿಯುತ್ತದೆ. ಕೆಳಗಿನ ಪಾಲಿನ ಸರದಿ ಬರುವ ವೇಳೆಗೆ ಮೇಲೆ ಹುಲ್ಲು ಕಟ್ಟಿರುತ್ತದೆ. ಪಟ್ಟಿಯ ಅಗಲ ಐದಾರು ಮಾರಿಗೆ ಮೀರಬಾರದು. ಕಡಿದಾದ ಜಾಗದಲ್ಲಿ ಮೂರು ಮಾರು ಸಾಕು. ಜೆ.ಸಿ.ಬಿ. ಯಂತ್ರವನ್ನು ತರಿಸಿ ಒಂದೇ ದಿವಸದಲ್ಲಿ ಮುಗಿಸುವ ಪದ್ಧತಿ ಈಚೆಗೆ ಹೆಚ್ಚಾಗಿದೆ. ಯಂತ್ರದ ಹಲ್ಲಿಗೆ ಗಿಡ ಯಾವುದು, ಮೇಲ್ಮಣ್ಣು ಯಾವುದು ಎಂಬ ಭೇದವಿಲ್ಲ; ಸಮವಾದ ಹೊಲದಲ್ಲಿ ಅದು ಹೇಗಾದರೂ ಇರಲಿ, ಕಲ್ಲಿನ ಇಳಿಜಾರಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಕಳೆಯ ಔಷಧಿಯನ್ನು ಸಿಂಪಡಿಸುವುದೂ ಹಾಗೆಯೇ; ಬಂಡೆಯ ಮೇಲೆ ಬಿದ್ದ ಔಷಧಿಯು ಮೊದಲನೆಯ ಮಳೆಯಲ್ಲಿ ಕುಂಟೆಗೆ ಇಳಿಯುವುದು.

ಏರುತಗ್ಗಿನ ನೆಲದಲ್ಲಿ ಅಡ್ಡಗೆರೆಯನ್ನು ಕಣ್ಣಂದಾಜಿನಿಂದ ಹಾಕುವುದು ಸಾಧ್ಯವಿಲ್ಲ. ಬಂಡೆಗಳು ಕಣ್ಣನ್ನು ಮೋಸಗೊಳಿಸುತ್ತವೆ. ಇದಕ್ಕೆ ಊರಿನಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಸಾಧನವಿದೆ. ಆರು ಅಡಿ ಉದ್ದದ ಎರಡು ಬಿದಿರಿನ ಗಳಗಳ ತುದಿಗಳನ್ನು ಸೇರಿಸಿ ಕಟ್ಟಿ, ಬುಡಗಳನ್ನು ಐದು ಅಡಿ ಅಗಲಿಸಿ, ನಡುಮಟ್ಟದಲ್ಲಿ ಒಂದು ಅಡ್ಡಗೋಲನ್ನು ಬಿಗಿಯಬೇಕು. ಮೇಲಿನ ಕಟ್ಟಿನಿಂದ ಒಂದು ಹುರಿಯನ್ನು ಇಳಿಬಿಟ್ಟು, ಅದರ ತುದಿಗೆ ಅಡ್ಡಗೋಲಿನಿಂದ ಕೆಳಗೆ ತೂಗುವಂತೆ ಒಂದು ಕಲ್ಲನ್ನು ಕಟ್ಟಬೇಕು. ಎರಡು ಕಾಲುಗಳನ್ನೂ ನೆಲದ ಮೇಲೆ ಎರಡು ಗುರುತುಗಳಲ್ಲಿಟ್ಟು, ಹುರಿಯು ಅಡ್ಡಗೋಲನ್ನು ಮುಟ್ಟುವ ಸ್ಥಳದಲ್ಲಿ ಗೀಟು ಹಾಕಬೇಕು. ಆಮೇಲೆ ಕಾಲುಗಳನ್ನು ಅದಲುಬದಲು ಮಾಡಿ ಅದೇ ಗುರುತುಗಳಲ್ಲಿಟ್ಟು ಮತ್ತೊಂದು ಗೀಟು ಹಾಕಬೇಕು. ಎರಡು ಗೀಟುಗಳ ಮಧ್ಯವೇ ಮಟ್ಟದ ಗುರುತು. ಮುಂದೆ ಒಂದು ಕಾಲನ್ನು ಊರಿ, ಇನ್ನೊಂದನ್ನು ಹುರಿಯು ಮಧ್ಯದ ಗುರುತಿಗೆ ಬರುವ ವರೆಗೆ ಮೇಲೆ ಕೆಳಗೆ ಆಡಿಸಿ, ಅಲ್ಲಿ ಗೂಟ ಹೊಡೆದು, ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುವುದು. ಬಂಡೆ ಅಡ್ಡ ಬಂದರೆ ಅದನ್ನೂ ಗೆರೆಯೊಳಕ್ಕೆ ಸೇರಿಸಿಕೊಳ್ಳಬಹುದು. ಗಾಳಿ ಬೀಸುವ ಹೊತ್ತಿನಲ್ಲಿ ಹುರಿಯು ನಿಲ್ಲುವುದಿಲ್ಲವಾದುದರಿಂದ ಬೆಳಗಿನ ವೇಳೆ ಈ ಕೆಲಸಕ್ಕೆ ಉತ್ತಮ. ನಾನು ಕಂಡ ಒಂದು ಗ್ರಾಮದಲ್ಲಿ ಶಾಲೆಯ ಹುಡುಗರಿಬ್ಬರು ಒಂದು ಬೆಳಗಿನಲ್ಲಿ ಎರಡು ಎಕರೆಗೆ ಗೂಟ ಹೊಡೆದಿದ್ದರು. ಅವರ ತಂದೆಗಳಿಗಿಂತ ಅವರ ಗೆರೆಯೇ ನೆಟ್ಟಗಿತ್ತೆಂದು ಹೇಳಬೇಕು.

ಇನ್ನು ಗಿಡವನ್ನು ತೆಗೆಯುವ ಬಗೆ. ಲಂಟಾನವು ಮತ್ತೆ ಚಿಗುರುವುದು, ಕಾಂಡಗಳೆಲ್ಲ ಕೂಡುವ ಬುಡದ ಗಂಟಿನಿಂದ. ಅದರ ಕೆಳಗಿರುವ ತಾಯಿಬೇರಿನಿಂದಲ್ಲ. ಈ ಗುಣವನ್ನು ಅನುಸರಿಸಿ ದೆಹಲಿಯ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರೂ ಅವರ ಸಂಗಡಿಗರೂ ಕಾರ್ಬೆಟ್ ಮುಂತಾದ ಅರಣ್ಯಗಳಲ್ಲಿ ಪ್ರಯೋಗ ನಡೆಯಿಸಿ, 2009ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಅದು ಬಹು ಸುಲಭ. ಪೊದೆಯನ್ನು ಕವೆಗೋಲಿನಿಂದ ಒಂದು ಮಗ್ಗುಲಿಗೆ ಒತ್ತಿ ಹಿಡಿದು, ನೆಲದಿಂದ ಒಂದರಿಂದ ಎರಡು ಅಂಗುಲ ಕೆಳಗೆ, ಗಂಟಿನ ಅಡಿಯಲ್ಲಿ, ತಾಯಿಬೇರನ್ನು ಕಡಿಯುವುದು. ಪೊದೆಯನ್ನು ಇಡಿಯಾಗಿ ಎತ್ತಿ ತಲೆಕೆಳಗಾಗಿ ಇಡುವುದು. ಆಳವಾಗಿ ಅಗೆಯಬೇಕಾದುದಿಲ್ಲ, ಮಣ್ಣು ಕದಲುವುದಿಲ್ಲ. ಸಮನೆಲಕ್ಕಿಂತಲೂ ಕಲ್ಲುನೆಲಕ್ಕೆ ಇದು ಹೆಚ್ಚಾಗಿ ಒಪ್ಪುತ್ತದೆ. ಏಕೆಂದರೆ ಲಂಟಾನದ ಕೊಂಬೆಯು ಹಸಿಮಣ್ಣಿಗೆ ತಗುಲಿದಲ್ಲಿ ಗೆಣ್ಣಿನಿಂದ ಬೇರು ಬಿಡುವುದುಂಟು. ನಮಗೋ ಹಾಸುಬಂಡೆಗಳಿಗೆ ಕೊರತೆಯಿಲ್ಲ. ಕಡಿದ ಪೊದೆಗಳನ್ನೆಲ್ಲ ಬಂಡೆಯ ಮೇಲೆ ಬೇರು ಮೇಲಾಗಿ ಒಟ್ಟಿದರೆ ಬಿಸಿಲಿಗೆ ಬೇಗನೆ ಒಣಗುವುವು. ಗುದ್ದಲಿಗಿಂತ ಕಿರಿದಾದ ಬಾಯಿಯ ಪಿಕಾಸಿಯು ಕಲ್ಲಿನ ಸಂದಿಗೆ ಅನುಕೂಲ.

ಸಂದಿನಲ್ಲಿ ಪಿಕಾಸಿಯೂ ಹೋಗದಿದ್ದರೆ, ಮಳೆ ಬಿದ್ದ ಮಾರನೆಯ ದಿವಸ ಹಾರೆಯಿಂದ ಮೀಟಿ ಎಳೆದು ನೋಡಬೇಕು. ಅದಕ್ಕೂ ಬಗ್ಗದೆ ಇರುವ ಬುಡಗಳನ್ನು ಮಚ್ಚಿನಿಂದ ಸವರಿ, ಚಿಗುರು ಒಂದು ಗೇಣು ಬಂದಾಗಲೆಲ್ಲ ಮುರಿಯುತ್ತಿರಬೇಕು. ಚಿಗುರಿಗಾಗಿ ಬೇರಿನಲ್ಲಿಟ್ಟ ಸಾರವು ತೀರುತ್ತಾ ಬಂದು ಗಿಡವು ಸೊರಗುವುದು. ಒಂದೆರಡು ವರ್ಷ ಹಿಡಿಯಬಹುದು. ಇಂತಹ ಬುಡಗಳು ಪಟ್ಟಿಯೊಂದರಲ್ಲಿ ಕೆಲವೇ ಇರುವುದರಿಂದ ಅವುಗಳ ಪಕ್ಕದ ಬಂಡೆಗೆ ಸುಣ್ಣದ ಗುರುತು ಹಾಕಿದರೆ ಹುಡುಕುವ ಶ್ರಮ ತಪ್ಪುವುದು.

ಕಾಲವನ್ನು ಕುರಿತು ಒಂದು ಮಾತು. ಭರಣಿ ಕೃತ್ತಿಕೆ ಮಳೆಗಳಿಂದ ನೆಲ ಮೆತ್ತಗಾದೊಡನೆ ಕಡಿಯುವುದಕ್ಕೆ ಆರಂಭಿಸಿ, ರೋಹಿಣಿಯೊಳಗಾಗಿ ಆ ವರ್ಷದ ಪಟ್ಟಿಗಳನ್ನು ಮುಗಿಸಿ, ಮೃಗಶಿರಾ ಆರಿದ್ರಾ ಮಳೆಗಳಲ್ಲಿ ಹುಲ್ಲಿನ ಬೀಜವನ್ನು ಚೆಲ್ಲತಕ್ಕದ್ದು. ಪೂರ್ವದ ಜಿಲ್ಲೆಗಳಲ್ಲಿ ಬಿರುಸಾದ ಮಳೆಗಳು ಬೀಳುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಅಷ್ಟರೊಳಗೆ ಹುಲ್ಲು ಬೇರು ಹಿಡಿದಿರಬೇಕು. ಯಾವುದಾದರೂ ಕಾರಣದಿಂದ ಕೆಲಸವು ಶ್ರಾವಣದ ವರೆಗೆ ಬೆಳೆದರೆ ಆ ವರ್ಷಕ್ಕೆ ನಿಲ್ಲಿಸಿಬಿಡುವುದೇ ಲೇಸು.

ಕೆಲಸಗಾರರ ಕ್ಷೇಮವನ್ನು ಜಮೀನುದಾರರು ಮರೆಯಬಾರದು. ಕಲ್ಲಿನ ಸಂದಿನಲ್ಲಿಯೂ ಪೊದೆಯ ಬುಡದಲ್ಲಿಯೂ ಕೊಳಕುಮಂಡಲದಂತಹ ವಿಷದ ಹಾವುಗಳಿರುವುವು. ಕಡಿಯುವುದಕ್ಕೆ ಮೊದಲು ಉದ್ದವಾದ ಕೋಲಿನಿಂದ ಪೊದೆಯನ್ನು ಬಡಿದು ಸ್ವಲ್ಪ ಹೊತ್ತು ಬಿಡಬೇಕು. ಕಾಣದ ಸಂದಿಗೆ ಕೈ ಹಾಕಬಾರದು. ಮೊಣಕಾಲಿನ ವರೆಗೆ ಮುಚ್ಚುವ ಬೂಡ್ಸುಗಳನ್ನು ಕೊಡಿಸಬೇಕು. ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರ ನಾರುಬೇರುಗಳಲ್ಲಿ ಹೊತ್ತು ಕಳೆಯದೆ, ನಡೆಯಿಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗತಕ್ಕದ್ದು. ದೊಡ್ಡ ಗವಿಗಳಿರುವ ಗುಡ್ಡಗಳಲ್ಲಿ ಕರಡಿಯೋ ಚಿರತೆಯೋ ಇರುವ ಸಂಶಯವಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸದೆ ಕೈಯಿಡಬಾರದು.

ಪೊದೆಯೊಳಗೆ ಬೆಳೆದುದೆಲ್ಲವೂ ಲಂಟಾನವಲ್ಲ ಎಂಬುದನ್ನು ಆಳುಗಳಿಗೆ ಮೊದಲೇ ತೋರಿಸಿ ಹೇಳಬೇಕು. ಬಂದರಿಕೆ, ತಂಗಡಿ, ಕಾರೆ, ಕವಳೆ, ಲಕ್ಕಿ ಇವೆಲ್ಲ ನಮ್ಮ ನೆಲದವು, ಮಣ್ಣನ್ನು ಹಿಡಿಯುವುವು. ಮುಳ್ಳಿನ ಮರೆಯಲ್ಲಿ ದನಗಳ ಬಾಯಿಗೆ ಸಿಕ್ಕದೆ ಬೇವು, ಕಗ್ಗಲಿ, ಶ್ರೀಗಂಧದ ಸಸಿಗಳು ಬದುಕಿರುವುದೂ ಉಂಟು. ಇಂತಹವುಗಳಿಗೆ ಕೆಂಪು ಬಟ್ಟೆಯ ಚೂರನ್ನು ಕಟ್ಟಿ ಉಳಿಸತಕ್ಕದ್ದು. ದಿನಗೂಲಿಗೆ ಬದಲಾಗಿ ಗುತ್ತಿಗೆಗೆ ಕೊಟ್ಟಲ್ಲಿ ಇವು ಉಳಿಯುವುದನ್ನು ನಾನು ಕಂಡಿಲ್ಲ.

ತೆಗೆದ ಪಟ್ಟಿಯ ಕೆಳಅಂಚಿನಲ್ಲಿ, ಗೂಟಗಳ ಸಾಲಿನುದ್ದಕ್ಕೂ, ಅಲ್ಲಿಯೇ ಸಿಕ್ಕುವ ಕಲ್ಲುಗಳಿಂದ ಬದು ಹಾಕಬೇಕು. ಅರ್ಧ ಅಡಿ ತಗ್ಗು ತೋಡಿ, ದಪ್ಪ ಕಲ್ಲುಗಳನ್ನು ಕೆಳಮಗ್ಗುಲಿಗೂ ಸಣ್ಣವನ್ನು ಮೇಲ್ಮಗ್ಗುಲಿಗೂ ಇಟ್ಟರೆ ನೀರು ಸೋಸಿ ಹೋಗಿ ಮಣ್ಣು ನಿಲ್ಲುವುದು. ಮಣ್ಣಿನ ಬದುವಿನಂತೆ ನೀರನ್ನು ಕಟ್ಟಿಹಾಕುವ ಉದ್ದೇಶ ಇಲ್ಲಿಲ್ಲ. ಬದುವಿನ ಮೇಲ್ಮಗ್ಗುಲಲ್ಲಿ ಲಾವಂಚದ ಬುಡಗಳನ್ನು ಗೇಣಿಗೆ ಒಂದರಂತೆ ನೆಟ್ಟರೆ ಇನ್ನೂ ಭದ್ರ. ಗುಂಡ್ಲುಪೇಟೆಯ ಕಡೆಯ ರೈತರು ಹೊಲಗಳ ಎಲ್ಲೆಗಳಲ್ಲಿ ಇದನ್ನು ಬಹುಕಾಲದಿಂದ ಬೆಳೆಸಿಕೊಂಡು ಬಂದಿರುವರು. ಪಟ್ಟಿಯ ನಡುವೆ ಅಂಜನ ಹುಲ್ಲನ್ನೂ ಸ್ಟೈಲೋ ಎಂಬ ದ್ವಿದಳ ಮೇವನ್ನೂ ಬೆರಸಿ ಚೆಲ್ಲಬಹುದು. ಬೀಜಗಳನ್ನು ಹಸಿಮಣ್ಣು ಸಗಣಿಗಳೊಡನೆ ಕಲಸಿ ಗುಳಿಗೆ ಮಾಡಿ ಎಸೆದರೆ ಗಾಳಿಗೂ ಇರುವೆಗೂ ಹೋಗುವುದು ಕಡಮೆ.

ಮರಗಳಿಗೆ ಜಾಗವನ್ನು ಲಂಟಾನವೇ ತೋರಿಸಿಕೊಟ್ಟಿರುತ್ತದೆ. ಬಂಡೆಗಳ ಬುಡದಲ್ಲಿ ನೀರಿಳಿಯುವ ಸಾರವಾದ ನೆಲವಿದೆಯೆಂದು ಮೊದಲೇ ಹೇಳಿದೆನಷ್ಟೆ. ಅತ್ಯಂತ ದಪ್ಪವಾದ ಪೊದೆಯಿದ್ದ ಸ್ಥಳವೇ ಅತ್ಯುತ್ತಮವಾದ ಗುಂಡಿ. ಗೆರೆ ಎಳೆದು ಅಡಿಯಳತೆಗೆ ಗಿಡ ನೆಡುವ ತೋಟದ ಪದ್ಧತಿಯನ್ನು ಇಲ್ಲಿ ಬಿಟ್ಟು, ನೆಲವು ತೋರಿದಲ್ಲಿ ನೆಡಬೇಕು: ಆಳವಾದ ಮಣ್ಣಿರುವಲ್ಲಿ ಹುಣಿಸೆ, ಹೊಂಗೆ, ತೆಳುವಾದಲ್ಲಿ ಸೀತಾಫಲ, ನೆಲ್ಲಿ. ಸೀತಾಫಲದ ಎಲೆಯನ್ನು ದನಕರುಗಳು ಮುಟ್ಟುವುದಿಲ್ಲವಾದುದರಿಂದ ಬೇಲಿಯ ಖರ್ಚಿಲ್ಲ. ಪ್ರತಿಯೊಂದು ಗಿಡದ ಕೆಳಮಗ್ಗುಲಿಗೂ ಅರ್ಧಚಂದ್ರಾಕಾರವಾಗಿ ಕಲ್ಲು ಜೋಡಿಸಬೇಕು. ದಟ್ಟವಾದ ನೆರಳಿನಲ್ಲಿ ಲಂಟಾನವು ಏಳಿಗೆಗೆ ಬಾರದು. ಮರಗಳು ಕೂಡಿಕೊಂಡ ಮೇಲೆ ಕಾವಲಿನ ಕೆಲಸ ಬಹುಮಟ್ಟಿಗೆ ಇಳಿಯುವುದು.

ಗೋಮಾಳದಲ್ಲಿ ಈ ಕೆಲಸವು ಗ್ರಾಮದ ಯಜಮಾನರದು. ಒಬ್ಬರು ತಮ್ಮ ಜಮೀನನ್ನು ಶುದ್ಧವಾಗಿಟ್ಟುಕೊಂಡರೂ ಪಕ್ಕದ ಗೋಮಾಳದಿಂದ ಹಕ್ಕಿಗಳು ಬೀಜ ತರುವುದು ತಪ್ಪದು. ಆದರೆ ಅಲ್ಲಿ ಕಷ್ಟವಿರುವುದು ಗಿಡ ತೆಗೆಯುವುದರಲ್ಲಿ ಅಲ್ಲ, ತೆಗೆದ ಪಟ್ಟಿಯನ್ನು ಎರಡು ವರ್ಷ ಮೇಯಿಸದೆ ಇಡುವುದರಲ್ಲಿ. ಒಂದು ಗ್ರಾಮದಲ್ಲಿ ಕುರಿ ಸಾಕುವ ಮನೆಗಳವರನ್ನು ಕೇಳದೆಯೇ ಮುಳ್ಳು ಹಾಕಿದರು. ಹದಿನೈದು ದಿವಸಗಳಲ್ಲಿ ಮುಳ್ಳು ಒಲೆಗೆ ಹೋಯಿತು, ಹುಲ್ಲಿನ ಮೊಳಕೆಯು ಕುರಿಗಳ ಹೊಟ್ಟೆಗೆ ಹೋಯಿತು. ಅದರ ಪಕ್ಕದ ಗ್ರಾಮದ ಹಿರಿಯರು ಆ ಮನೆಗಳವರನ್ನೇ ಮೊದಲು ಕರೆದು ಕೂರಿಸಿ, ಗೋಮಾಳದಲ್ಲಿ ಮೂರನೆಯ ಒಂದು ಪಾಲು ಮಾತ್ರ ಮುಚ್ಚುವುದೆಂದೂ, ಅದರೊಳಗೆ ಕೊಯ್ದು ಹೊರುವ ಹುಲ್ಲಿನಲ್ಲಿ ಅವರಿಗೇ ಮೊದಲ ಹಕ್ಕೆಂದೂ ಒಪ್ಪಿಸಿದರು. ಆ ಹುಲ್ಲನ್ನು ಕಾದವರು ಆ ಕುರುಬರೇ.

ಒಣಗಿದ ಪೊದೆಗಳನ್ನು ಗುಡ್ಡದ ಮೇಲೆಯೇ ಸುಡುವುದಕ್ಕೆ ಯಾರಿಗೂ ಅವಕಾಶ ಕೊಡಬಾರದು. 2019ನೆಯ ಇಸವಿ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿಗೆ ಒಣಗಿ ನಿಂತಿದ್ದ ಲಂಟಾನವೇ ಸೌದೆಯಾಯಿತು. ದಪ್ಪ ಕಡ್ಡಿಗಳು ಮನೆಯ ಒಲೆಗೆ ಆಗುವುವು. ಕಾಯಿಯಿಲ್ಲದ ಎಲೆ ಸೊಪ್ಪು ಗೊಬ್ಬರದ ಗುಂಡಿಗೆ ಆಗುವುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ ಬುಟ್ಟಿಗಳನ್ನು ಮಾಡಿ ಮಾರುತ್ತಾರೆ.

ಎರಡನೆಯ ವರ್ಷ ಮೊದಲ ಮಳೆಗೆ ಸಣ್ಣ ಲಂಟಾನ ಸಸಿಗಳು ನೂರಾರು ಏಳುವುವು. ಇದನ್ನು ಕಂಡು ಕೈಬಿಟ್ಟವರು ಬಹಳ ಮಂದಿ. ಗೇಣುದ್ದದ ಸಸಿಯು ತೇವದ ನೆಲದಲ್ಲಿ ಎರಡು ಬೆರಳಿಗೆ ಬರುತ್ತದೆ. ಒಬ್ಬ ಆಳು ದಿನವೊಂದಕ್ಕೆ ಬಹಳ ನೆಲವನ್ನು ಕಿತ್ತು ಮುಗಿಸಬಲ್ಲನು. ಹಕ್ಕಿಗಳು ಕೂರುವ ಮರಗಳ ಅಡಿಯಲ್ಲಿಯೂ ದೊಡ್ಡ ಬಂಡೆಗಳ ಸುತ್ತಲೂ ಮೊದಲು ನೋಡಬೇಕು. ವರ್ಷಕ್ಕೆ ಎರಡಾವರ್ತಿಯಂತೆ, ಆರಿದ್ರಾ ಮಳೆಯಲ್ಲಿ ಒಂದು ಸಾರಿ, ಸ್ವಾತಿಯ ತರುವಾಯ ಹೂ ಕಾಯಾಗುವುದಕ್ಕೆ ಮೊದಲು ಒಂದು ಸಾರಿ, ಮೂರು ವರ್ಷಗಳ ವರೆಗೆ ಹೀಗೆ ಕೀಳಿಸತಕ್ಕದ್ದು.

ನನ್ನ ಮಾತನ್ನು ಕೇಳಿ ಮಣ್ಣು ಕಳೆದುಕೊಂಡ ಆ ವೃದ್ಧರ ಜಮೀನಿನಲ್ಲಿ ಆಮೇಲೆ ಅವರ ಮಗನು ಈ ಕ್ರಮದಿಂದ ಮೇಲಿನ ಒಂದೂವರೆ ಎಕರೆಯನ್ನು ತೆಗೆದಿರುವನು. ಕಲ್ಲಿನ ಬದುಗಳ ಹಿಂದೆ ಈಗ ಒಂದು ಗೇಣಿನಷ್ಟು ಮಣ್ಣು ಕೂಡಿದೆ. ಸೀತಾಫಲದ ಗಿಡಗಳು ಕಾಯಿ ಬಿಡುತ್ತಿವೆ. ಕೆಳಗಿನ ಎರಡೂವರೆ ಎಕರೆ ಇನ್ನೂ ಪೊದೆಯಾಗಿಯೇ ಇದ್ದು, ಮುಂದಿನ ಭರಣಿ ಮಳೆಗೆ ಅದರ ಮೊದಲನೆಯ ಪಟ್ಟಿಗೆ ಗೂಟ ಹೊಡೆಯುವುದೆಂದು ನಿಶ್ಚಯವಾಗಿದೆ.